ಕಂಚಿನ ಗಿಂಡಿ

“ಆ ಗಿಂಡಿಯಲ್ಲಿ ನನಗೆ ನೀರು ಕೊಡುವುದಿಲ್ಲ ಮೇಡಂ” ಎಂದ ಉನೈಸ್.

ಬರೆಯುತ್ತಿದ್ದ ನನ್ನ ಪೆನ್ನು ನಿಂತಿತು.

ಬೆಳ್ತಂಗಡಿ ಕೋರ್ಟಿನ ವರಾಂಡದ ಬೆಂಚಿನಲ್ಲಿ ಕೂತಿದ್ದೆವು. ಪೊಲೀಸ್ ಕಸ್ಟಡಿ ಮುಗಿದು ಅವನನ್ನು ಜೈಲಿಗೆ ಕಳಿಸುವ ಆದೇಶ ಆಗತಾನೇ ಆಗಿತ್ತು. ವ್ಯಾನು ಬರುವವರೆಗೆ ಐದು ನಿಮಿಷ ಮಾತಾಡಿ ಎಂದು ಬಿಟ್ಟಿದ್ದ ಪೇದೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಆಚೆ ಮೆಟ್ಟಿಲಿನಲ್ಲಿ ಉನೈಸನ ಹೆಂಡತಿ ಸಜ್ನಾ, ಏಳು ತಿಂಗಳ ಬಸುರಿ, ನಮ್ಮನ್ನೇ ನೋಡುತ್ತ ಕೂತಿದ್ದಳು.

“ಇನ್ನೊಂದು ಸಲ ಹೇಳು.”

“ಅಮ್ಮನವರು ಒಳ್ಳೆಯವರು ಮೇಡಂ. ಹೋದ ಕೂಡಲೇ ಬಿಸಿಲಲ್ಲಿ ಬಂದಿದ್ದೀಯಾ, ಕುಡಿಲಿಕ್ಕೆ ಎಂತ ಬೇಕು ಅಂತ ಕೇಳ್ತಾರೆ. ಚಹಾಕ್ಕೆ ನನಗೆ ಸಕ್ಕರೆ ಜಾಸ್ತಿ ಬೇಕು ಅಂತ ಅವರಿಗೆ ನೆನಪುಂಟು. ಆದ್ರೆ ಕೊಡುವುದು ಪೇಪರ್ ಲೋಟದಲ್ಲಿ. ನೀರಾದರೂ ಅದರಲ್ಲೇ. ಕುಡಿದು ನಾನೇ ಹಿಂದಿನ ಬಕೆಟಿಗೆ ಹಾಕಬೇಕು. ಈ ಗಿಂಡಿ ಒಳಗಿನದ್ದು. ಅವರ ಪೈಕಿಯವರು ಯಾರಾದ್ರೂ ಬಂದ್ರೆ ಮಾತ್ರ ಹೊರಗೆ ಬರುವುದು.”

ಇನ್ವರ್ಟರ್ ಬ್ಯಾಟರಿಯಲ್ಲಿ ನೀರು ಎಷ್ಟಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ. ಅವನಿಗೆ ಸಿಟ್ಟೇ ಇರಲಿಲ್ಲ. ಇಬ್ಬರ ಪಾಲಿನ ಸಿಟ್ಟೂ ನನಗೇ ಬಂತು. ಬಿ.ಸಿ.ರೋಡಿನ ವಕೀಲೆ ಶಹರ್ಬಾನು ಎಂದರೆ ನಾನು. ಕಪ್ಪು ಕೋಟು ಹಾಕಿ ಹನ್ನೊಂದು ವರ್ಷವಾಯಿತು, ಕೋಪ ಹುಟ್ಟಿದಂದಿನಿಂದ ಇದೆ.

ನಮ್ಮ ನಡುವೆ ಇದ್ದದ್ದು ಪೊಲೀಸರು ಘಟನೆಯ ದಿನವೇ ತೆಗೆದ ಫೋಟೋದ ಜೆರಾಕ್ಸ್. ಮುಂಡಾಜೆಯ ಪರಮೇಶ್ವರಿಯಮ್ಮನ ಮನೆಯ ಚಾವಡಿ. ಮರದ ಬೆಂಚು. ಅದರ ಮೇಲೆ ಮೂತಿಯಿರುವ ಒಂದು ಕಂಚಿನ ಗಿಂಡಿ, ಪಕ್ಕದಲ್ಲಿ ಬೆಲ್ಲ ಇಟ್ಟು ಕೊಡುವ ಪುಟ್ಟ ತಟ್ಟೆ. ತಟ್ಟೆ ಖಾಲಿ. ಬೆಂಚಿನ ಹಿಂದೆ ಕಿಟಕಿ, ಕಿಟಕಿಯ ಕೆಳಗಿನಿಂದ ನೆಲದವರೆಗೆ ಗೋಡೆಯಲ್ಲಿ ಒಂದು ಸಪೂರ ಬಿರುಕು. ಈಗ ಕಟ್ಟಿದ ತಾರಸಿ ಮನೆಗೂ ಬಿರುಕು ಬೀಳುತ್ತದಲ್ಲ ಎಂದು ಮೊದಲ ಸಲ ನೋಡಿದಾಗ ಅಂದುಕೊಂಡಿದ್ದೆ.

ಕಳೆದ ವಾರದ ಸೋಮವಾರ ಹಗಲು ಹನ್ನೊಂದರಿಂದ ಹನ್ನೆರಡರ ಒಳಗೆ, ಆ ಚಾವಡಿಯ ಒಳಗಿನ ಕೋಣೆಯಲ್ಲಿ ಯಾರೋ ಪರಮೇಶ್ವರಿಯಮ್ಮನ ತಲೆಗೆ ಹೊಡೆದಿದ್ದರು. ಆ ಬೆಳಿಗ್ಗೆ ಇನ್ವರ್ಟರ್ ರಿಪೇರಿಗೆ ಅಂತ ಮನೆಗೆ ಬಂದವನು ಉನೈಸ್. ಮೆಟ್ಟಿಲಡಿಯ ಇನ್ವರ್ಟರಿನ ಹತ್ತಿರ ಟೂಲ್ ಬ್ಯಾಗು ಬಿಟ್ಟು ಫ್ಯೂಸ್ ತರಲು ಉಜಿರೆಗೆ ಹೋದೆ, ಬಂದು ಹಾಕಿ, ಅಮ್ಮಾ ಎಂದು ಎರಡು ಸಲ ಕರೆದು, ಮಲಗಿರಬೇಕು ಎಂದು ಹೊರಟೆ ಎನ್ನುತ್ತಾನೆ. ಮರುದಿನ ಅದೇ ಬ್ಯಾಗಿನ ತಳದಲ್ಲಿ ಅಮ್ಮನ ಎರಡು ಬಳೆ ಸಿಕ್ಕಿದವು.

“ಬ್ಯಾಗು ಎಷ್ಟು ಹೊತ್ತು ಅಲ್ಲಿತ್ತು?”

“ಒಂದು ಗಂಟೆ ಮೇಲೆ. ಉಜಿರೆಯಲ್ಲಿ ಆ ಫ್ಯೂಸ್ ಮೊದಲನೇ ಅಂಗಡಿಯಲ್ಲಿ ಸಿಗಲಿಲ್ಲ.”

“ವಾಪಸ್ ಬಂದಾಗ ಚಾವಡಿಗೆ ಹತ್ತಿದ್ಯಾ?”

“ಇಲ್ಲ ಮೇಡಂ. ನಾವು ಚಾವಡಿಗೆ ಹತ್ತುವ ಕ್ರಮ ಇಲ್ಲ. ಬದಿಯಿಂದಲೇ ಹೋಗಿ ಬದಿಯಿಂದಲೇ ಬರುವುದು.”

ಸರಕಾರಿ ವಕೀಲರ ತಕರಾರು ನನ್ನ ಚೀಲದಲ್ಲಿತ್ತು. ‘ಮನೆಯ ಹಿರಿಯ ಹೆಂಗಸು ಆರೋಪಿಯನ್ನು ನಂಬಿ ಚಾವಡಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಟ್ಟು ಸತ್ಕರಿಸಿದ್ದು, ಆರೋಪಿಯು ಆ ನಂಬಿಕೆಗೆ ದ್ರೋಹ ಬಗೆದು...’ ಎಂದು ಅದರಲ್ಲಿ ಬರೆದಿದ್ದರು. ಗಿಂಡಿಯ ಫೋಟೋ ಅವರಿಗೆ ದೊಡ್ಡ ಆಸ್ತಿ. ಆದರೆ ಗಿಂಡಿಯನ್ನು ಜಪ್ತಿ ಮಾಡಬೇಕೆಂದು ಪೊಲೀಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದರ ಮೇಲಿನ ಬೆರಳಚ್ಚು ಎಂದೋ ಹುಣಸೆ ಹುಳಿಯಲ್ಲಿ ತೊಳೆದುಹೋಗಿರಬೇಕು.

ಶುಕ್ರವಾರ ಸೆಷನ್ಸ್ ಕೋರ್ಟಿನಲ್ಲಿ ಜಾಮೀನು ಅರ್ಜಿಯ ವಾದ. ನುಗ್ಗಿ ದರೋಡೆ, ಗಾಯ, ಅಕ್ರಮ ಪ್ರವೇಶ. ಹೊಸ ನ್ಯಾಯ ಸಂಹಿತೆಯ ಕಲಂ 309(6) ಒಂದೇ ಸಾಕು, ಜೀವಾವಧಿಯವರೆಗೂ ಎಳೆಯಬಹುದು. ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವ ಅಮ್ಮ ತೀರಿಕೊಂಡರೆ ಅದು ಕೊಲೆ ಕೇಸು. ಅವರು ಕಣ್ಣು ಬಿಟ್ಟು ಒಂದು ಹೆಸರು ಹೇಳಿದರೆ ಉನೈಸ್ ಮನೆಗೆ ಹೋಗುತ್ತಾನೆ.

“ಮೇಡಂ, ಒಂದು ಕೇಳಲಾ?” ವ್ಯಾನಿನ ಹಾರನ್ ಕೇಳಿ ಎದ್ದು ನಿಂತವನು ತಗ್ಗಿದ ಸ್ವರದಲ್ಲಿ ಹೇಳಿದ. “ಪೇಪರ್ ಲೋಟದ ವಿಷಯ ಕೋರ್ಟಿನಲ್ಲಿ ಹೇಳಲೇಬೇಕಾ? ಅಮ್ಮನವರಿಗೆ ಬೇಜಾರಾದೀತು.”

ಇಂಥ ಕಕ್ಷಿದಾರನನ್ನು ಕಟ್ಟಿಕೊಂಡು ಏನು ಮಾಡುವುದು ಹೇಳಿ. ಹೇಳಲೇಬೇಕು ಉನೈಸ್ ಎಂದೆ.

*

ಮೂರು ಗಂಟೆಗೆ ಬಿ.ಸಿ.ರೋಡಿಗೆ ಬಂದು ಬಸ್ಸಿಳಿದಾಗ ತಲೆ ಸಿಡಿಯುತ್ತಿತ್ತು. ನಮ್ಮ ಕಚೇರಿ ಬಸ್‌ಸ್ಟ್ಯಾಂಡಿನ ಹಿಂದಿನ ಕಟ್ಟಡದ ಮೇಲಿನ ಮಾಳಿಗೆ. ಕೆಳಗೆ ಕಂಡಕ್ಟರುಗಳು ಪುತ್ತೂರು, ಉಪ್ಪಿನಂಗಡಿ ಎಂದು ಕೂಗುವುದು ಕಿಟಕಿಯಿಂದ ಒಳಗೇ ಬರುತ್ತದೆ.

ವೆಂಕಟೇಶ್ವರ ಸರ್ ಕಡತದಿಂದ ತಲೆಯೆತ್ತಿದರು. ಅರವತ್ತೆರಡು ವರ್ಷ, ಬಿಳಿ ಶರ್ಟು, ಮೂಗಿನ ತುದಿಗೆ ಜಾರಿದ ಕನ್ನಡಕ.

“ಮೊದಲು ನೀರು ಕುಡಿ. ಮುಖ ನೋಡಿದ್ರೆ ಯಾರನ್ನಾದ್ರೂ ಹೊಡೆದು ಬಂದ ಹಾಗೆ ಉಂಟು.”

ಕೋರ್ಟಿನಲ್ಲಿ ಯಾರ ಕೈಯಡಿ ಸೇರಲಿ ಎಂದು ಅಲೆಯುತ್ತಿದ್ದಾಗ, ತಲೆಯ ಮೇಲಿನ ನನ್ನ ಶಾಲು ನೋಡಿ ಮೂವರು ಹಿರಿಯ ವಕೀಲರು ಜಾಗವಿಲ್ಲ ಎಂದಿದ್ದರು. ಜಾಗವುಂಟು ಎಂದವರು ಸರ್ ಒಬ್ಬರೇ. ತಮ್ಮ ಮನೆಯಲ್ಲಿ ಊಟದ ಮೇಜಿಗೇ ಕೂರಿಸಿ ಬಡಿಸಿದವರು. ಅಲ್ಲಿ ನನಗೆ ಬೇರೆ ಲೋಟ ಇರಲಿಲ್ಲ. ನನ್ನಪ್ಪ ತೀರಿಕೊಂಡ ಮೇಲೆ ಅಪ್ಪ ಎನ್ನುವ ಜಾಗದಲ್ಲಿ ನಾನು ಇಟ್ಟುಕೊಂಡದ್ದು ಈ ಮನುಷ್ಯನನ್ನು.

ಗಿಂಡಿಯ ವಿಷಯವನ್ನು ಒಂದೇ ಉಸಿರಿಗೆ ಹೇಳಿದೆ. ಅಷ್ಟರಲ್ಲಿ ಕೇಸು ಗೆದ್ದ ಖುಷಿಗೆ ಯಾರೋ ಕಕ್ಷಿದಾರ ಬಂದು ಲಡ್ಡು ಇಟ್ಟು ಹೋದ. ಸರ್‌ಗೆ ಸಕ್ಕರೆ ಕಾಯಿಲೆ. ಕೊಟ್ಟದ್ದನ್ನು ಬೇಡ ಎನ್ನಲು ಅವರಿಗೆ ಬಾಯಿ ಬಾರದು. ಎಂದಿನಂತೆ ಎರಡು ತುಂಡು ಮಾಡಿ, ಒಂದರಿಂದ ಚೂರನ್ನು ನಾಲಿಗೆಗೆ ಹಾಕಿ, ಉಳಿದದ್ದನ್ನು ನನ್ನ ಕಡೆ ತಳ್ಳಿ, ಇನ್ನೊಂದು ತುಂಡನ್ನು ಕಿಟಕಿಯ ಕಟ್ಟೆಯಲ್ಲಿಟ್ಟರು.

“ನಿಮ್ಮಿಂದಾಗಿ ಈ ಕಟ್ಟಡದ ಇರುವೆಗಳಿಗೂ ಸಕ್ಕರೆ ಕಾಯಿಲೆ ಬಂದಿರಬೇಕು ಸರ್.”

“ಬರಲಿ. ಅವಕ್ಕೂ ಬಾಯಿ ಉಂಟಲ್ಲ.” ಅವರು ನಗಲಿಲ್ಲ. “ಬಾನು, ಆ ವಾದ ಬೇಡ.”

“ಯಾಕೆ ಸರ್?”

“ಗಿಂಡಿ, ಪೇಪರ್ ಲೋಟ, ಯಾರಿಗೆ ಯಾವುದು ಅಂತ ನೀನು ಕೋರ್ಟಿನಲ್ಲಿ ಶುರು ಮಾಡಿದ್ರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ನಾಳೆ ಪೇಪರಿಗೆ, ನಾಡಿದ್ದು ವಾಟ್ಸಾಪಿಗೆ. ಊರು ಎರಡಾಗ್ತದೆ. ಹುಡುಗನ ಜಾಮೀನು ಹೋಗಲಿ, ಅವನ ಹೆಂಡತಿ ಮನೆಯಲ್ಲಿ ಕೂರುವ ಹಾಗಿಲ್ಲ.”

“ಆದ್ರೆ ಅದೇ ನಿಜ ಅಲ್ವಾ ಸರ್? ಗಿಂಡಿಯಲ್ಲಿ ಕುಡಿದವರು ಬೇರೆ ಯಾರೋ. ಅಮ್ಮನ ಪೈಕಿಯವರು. ಗುರುತಿನವರು.”

ಸರ್ ಕನ್ನಡಕ ತೆಗೆದು ಒರೆಸಿದರು. “ಎಲ್ಲಾ ನಿಜವನ್ನೂ ಕೋರ್ಟಿಗೆ ತರ್ಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ನಾನು ಆ ದಿನ ಮೂಡುಬಿದಿರೆ ಕೋರ್ಟಿನಲ್ಲಿದ್ದೆ. ಸುದ್ದಿ ಬಂದದ್ದೇ ಬಾರ್ ರೂಮಿನಲ್ಲಿ ಎಂತೆಲ್ಲ ಮಾತಾಡಿದ್ರು, ನಿನಗೆ ಗೊತ್ತಿಲ್ಲ.”

ಈ ಕೇಸು ಬಂದಾಗ ವಕಾಲತ್ತಿನಲ್ಲಿ ನಿನ್ನೊಬ್ಬಳದೇ ಹೆಸರಿರಲಿ, ನಿನಗೂ ಹೆಸರು ಬರಲಿ ಎಂದು ಕೊಟ್ಟವರು ಅವರೇ. ಆಗ ಹೆಮ್ಮೆಯಿಂದ ಕುಣಿದಿದ್ದೆ. ಈಗ ಕೈ ಕಟ್ಟಿಹಾಕುತ್ತಿದ್ದಾರಲ್ಲ ಎಂದು ಬೇಸರವಾಯಿತು.

“ನಾಳೆ ಮುಂಡಾಜೆಗೆ ಹೋಗಿ ಆ ಚಾವಡಿಯನ್ನು ಒಂದು ಸಲ ಕಣ್ಣಾರೆ ನೋಡಿ ಬರ್ತೇನೆ ಸರ್.”

“ಹೋಗಬೇಡ. ದೂರು ಕೊಟ್ಟವರ ಮನೆಗೆ ಆರೋಪಿಯ ವಕೀಲರು ಹೋಗುವುದು ಚಂದ ಅಲ್ಲ.” ಮೇಜಿನ ಮೇಲಿದ್ದ ಜೆರಾಕ್ಸ್ ಪ್ರತಿಯನ್ನು ಮಡಚಿ ತಮ್ಮ ಕೋಟಿನ ಕಿಸೆಗೆ ಹಾಕಿಕೊಂಡರು. “ಇದು ನನ್ನ ಹತ್ತಿರ ಇರಲಿ. ರಾತ್ರಿ ಕೂತು ನೋಡ್ತೇನೆ.”

ಅದೇ ಫೋಟೋದ ಬಣ್ಣದ ಪ್ರತಿ ನನ್ನ ಮೊಬೈಲಿನಲ್ಲಿತ್ತು. ಹಿಂದಿನ ದಿನ ಸರಕಾರಿ ವಕೀಲರ ಗುಮಾಸ್ತ ಕಡತ ತೋರಿಸಿದಾಗ ತೆಗೆದುಕೊಂಡಿದ್ದೆ. ಅದನ್ನು ಸರ್‌ಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಮುನಿಸಿನಲ್ಲಿ ಮರೆತೆ.

*

ಸರ್ ಹೇಳಿದ್ದು ಸರಿಯೇ, ಹೀಗೆ ಹೋಗುವುದು ಚಂದವಲ್ಲ. ಆದರೂ ಸಂಜೆ ಪರಮೇಶ್ವರಿಯಮ್ಮನ ಮಗ ಗಣೇಶಪ್ರಸಾದರಿಗೆ ಫೋನು ಮಾಡಿ, ಚಾವಡಿಯನ್ನು ನೋಡಲು ಬಿಡುತ್ತೀರಾ ಎಂದು ಕೇಳಿದೆ. ಬೈದು ಇಡುತ್ತಾರೆ ಅಂದುಕೊಂಡಿದ್ದೆ. ನಾಳೆ ಹನ್ನೊಂದಕ್ಕೆ ಬನ್ನಿ ಎಂದರು. ಗಿಂಡಿ ಎಂಬ ಶಬ್ದ ನನ್ನ ಬಾಯಿಂದ ಬರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ.

ಮುಂಡಾಜೆಯಲ್ಲಿ ಚಾರ್ಮಾಡಿಯ ಬಸ್ಸಿನಿಂದ ಇಳಿದಾಗ ಮಾರ್ಚ್ ತಿಂಗಳ ಬಿಸಿಲು ಟಾರು ರಸ್ತೆಯನ್ನು ಹುರಿಯುತ್ತಿತ್ತು. ಒಳದಾರಿಯಲ್ಲಿ ಹತ್ತು ನಿಮಿಷದ ನಡಿಗೆ. ದಾರಿಯಲ್ಲಿದ್ದ ಎರಡು ಮನೆಗಳ ಬಾಗಿಲೂ ನಾನು ಹತ್ತಿರ ಬರುತ್ತಿದ್ದಂತೆ ಮುಚ್ಚಿಕೊಂಡವು. ನಾಯಿ ಕೂಡ ಬೊಗಳಲಿಲ್ಲ. ಬೆನ್ನಿನ ಹಿಂದೆ ಯಾವುದೋ ಕಿಟಕಿಯ ಪರದೆ ಸರಿದ ಹಾಗಾಯಿತು, ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಗಣೇಶಪ್ರಸಾದರು ಅಂಗಳಕ್ಕೇ ಬಂದಿದ್ದರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮಾಸ್ಟ್ರು. ಗಡ್ಡ ಬೆಳೆದು, ಕಣ್ಣು ಒಳಕ್ಕೆ ಹೋಗಿತ್ತು.

“ಬನ್ನಿ ಮೇಡಂ. ಮೇಲೆ ಬನ್ನಿ, ಚಾವಡಿಗೆ. ಇದೇ ಬೆಂಚಿನಲ್ಲಿ ಕೂತ್ಕೊಳ್ಳಿ.”

“ಅಮ್ಮ ಹೇಗಿದ್ದಾರೆ?”

“ನಿನ್ನೆ ಐಸಿಯುವಿನಿಂದ ರೂಮಿಗೆ ತಂದಿದ್ದಾರೆ. ಕೈ ಅಲ್ಲಾಡಿಸ್ತಾರೆ. ಹೆಂಡತಿ ಶ್ರೀಲಕ್ಷ್ಮಿ ಅಲ್ಲೇ ಇದ್ದಾಳೆ. ಬಾಯಿಗೆ ಒಂದು ಹನಿ ನೀರೂ ಕೊಡಬಾರದು ಅಂದಿದ್ದಾರೆ ಡಾಕ್ಟ್ರು. ನುಂಗ್ಲಿಕ್ಕೆ ಆಗುವುದಿಲ್ಲ, ಶ್ವಾಸಕೋಶಕ್ಕೆ ಹೋದ್ರೆ ಮುಗೀತು ಅಂತೆ.” ಅವರ ಸ್ವರ ಒಡೆಯಿತು. “ಇಷ್ಟು ವರ್ಷ ಬಂದವರಿಗೆಲ್ಲ ನೀರು ಕೊಟ್ಟ ಹೆಂಗಸು ಅದು.”

ಒಳಗೆ ಹೋದವರು ತಿರುಗಿ ಬಂದಾಗ ಅವರ ಕೈಯಲ್ಲಿ ಗಿಂಡಿ ಇತ್ತು. ಕಂಚಿನದು. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ, ಫೋಟೋದಲ್ಲಿ ಇದ್ದ ಜಾಗದಲ್ಲೇ ಇಟ್ಟರು.

“ತಗೊಳ್ಳಿ ಮೇಡಂ. ನಮ್ಮಲ್ಲಿ ಆ ಭೇದ ಈ ಭೇದ ಎಂತದೂ ಇಲ್ಲ. ಯಾರು ಬಂದ್ರೂ ಗಿಂಡಿಯೇ. ಉನೈಸ್‌ಗೂ ಅದರಲ್ಲೇ ಕೊಡುವುದು.”

ನಾನು ಇನ್ನೂ ಏನೂ ಕೇಳಿರಲಿಲ್ಲ.

ಗಿಂಡಿಯೆತ್ತಿ, ಮೂತಿಗೆ ತುಟಿ ತಾಗಿಸದೆ, ಮೇಲಿನಿಂದ ಬಾಯಿಗೆ ಸುರಿದು ಕುಡಿದೆ. ಸರ್ ಮನೆಯಲ್ಲಿ ಕಲಿತದ್ದು. ಬೆಲ್ಲ ಬಾಯಿಗೆ ಹಾಕಿ ಹಿಂದಕ್ಕೆ ಒರಗಿದೆ. ಬೆನ್ನಿಗೆ ತಾಗಿದ ಗೋಡೆ ನುಣ್ಣಗೆ, ತಣ್ಣಗೆ ಇತ್ತು. ಕೈಯಾಡಿಸಿದೆ. ಕಿಟಕಿಯ ಕೆಳಗಿನಿಂದ ನೆಲದವರೆಗೆ ಒಂದು ಗೆರೆಯೂ ಇರಲಿಲ್ಲ. ಹೊಸದಾಗಿ ಬಳಿದ ಬಣ್ಣವೂ ಅಲ್ಲ.

“ಗೋಡೆ ರಿಪೇರಿ ಮಾಡಿಸಿದ್ರಾ ಮಾಸ್ಟ್ರೇ?”

“ಇಲ್ಲವಲ್ಲ. ಎಂತಕ್ಕೆ?”

“ಸುಮ್ಮನೆ.” ಏನೋ ಚುಚ್ಚುತ್ತಿತ್ತು, ಏನೆಂದು ಹೊಳೆಯಲಿಲ್ಲ. “ಬಳೆ ಬಿಟ್ಟು ಬೇರೆ ಎಂತಾದ್ರೂ ಹೋಗಿದೆಯಾ?”

ಅವರು ಅಳೆದು ತೂಗಿ ಹೇಳಿದರು. “ಕಪಾಟಿನಲ್ಲಿ ಅಮ್ಮನ ಒಂದು ಬಟ್ಟೆ ಚೀಲ ಇತ್ತು. ಅಪ್ಪನ ಕಾಲದ ಜಾಗದ ಪತ್ರಗಳು. ಈಗ ಕಾಣುವುದಿಲ್ಲ. ಕಳ್ಳನಿಗೆ ಹಳೇ ಕಾಗದ ಎಂತಕ್ಕೆ ಅಂತ ನಾನು ದೂರಿನಲ್ಲಿ ಬರೆಯಲಿಲ್ಲ.”

“ಬಂಗಾರದ ಸರ?”

“ಅಮ್ಮನ ಕುತ್ತಿಗೆಯಲ್ಲೇ ಇತ್ತು.”

“ಸರ ಬಿಟ್ಟು ಕಾಗದ ಒಯ್ಯುವ ಕಳ್ಳ. ಇದು ನಿಮಗೆ ಸರಿ ಕಾಣ್ತದಾ?”

ಅಲ್ಲಿಗೆ ಅವರ ತಾಳ್ಮೆ ಮುಗಿಯಿತು. “ನನಗೆ ಪಾಠ ಹೇಳಬೇಡಿ ಮೇಡಂ! ಬಳೆ ಸಿಕ್ಕಿದ್ದು ಅವನ ಬ್ಯಾಗಿನಲ್ಲಿ. ಹೆರಿಗೆಗೆ ಸಜ್ನಾಳಿಗೆ ಅಂತ ಅಮ್ಮ ಹಳೇ ಹತ್ತಿ ಸೀರೆ ತೆಗೆದಿಟ್ಟಿದ್ರು, ಗೊತ್ತುಂಟಾ ನಿಮಗೆ? ಅಂಥವರ ತಲೆಗೆ ಹೊಡೆದವನು ಅವನು. ನೀವು ಬಂದದ್ದು ಎಂತಕ್ಕೆ ಅಂತ ನನಗೆ ಗೊತ್ತುಂಟು. ನಮ್ಮ ಮನೆಯ ಮರ್ಯಾದೆಯನ್ನು ಕೋರ್ಟಿನಲ್ಲಿ ಹರಾಜು ಹಾಕ್ಲಿಕ್ಕೆ...”

ಬೈಯುತ್ತಲೇ ಎದ್ದರು. ಬೈಯುತ್ತಲೇ ಗಿಂಡಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡು ಅಂಗಳಕ್ಕೆ ಇಳಿದರು. ನಳ್ಳಿಯ ಹತ್ತಿರದ ಕಲ್ಲಿನ ಮೇಲೆ ಅದನ್ನು ಕವುಚಿ ಹಾಕಿ, ಮೇಲಿನಿಂದ ಮೂರು ಸಲ ನೀರು ಹೊಯ್ದರು. ತಟ್ಟೆಗೂ ಹೊಯ್ದರು. ಬೊಗಸೆಯಲ್ಲಿ ನೀರು ತಂದು ಬೆಂಚಿನ ಮೇಲೆ ಗಿಂಡಿ ಕೂತಿದ್ದ ಜಾಗಕ್ಕೆ ಚಿಮುಕಿಸಿ ಕೈಯಿಂದ ಒರೆಸಿದರು. ಒರೆಸುತ್ತಿದ್ದ ಕೈ ಅರ್ಧಕ್ಕೆ ನಿಂತಿತು.

ನಾನು ನೋಡುತ್ತಿದ್ದೆ. ನಾನು ನೋಡುತ್ತಿರುವುದನ್ನು ಅವರು ನೋಡಿದರು.

“ಮಾಸ್ಟ್ರೇ, ಈಗ ಎಂತ ಮಾಡಿದ್ದು ನೀವು?”

ಹೊಸ್ತಿಲಿನ ಮೇಲೇ ಕುಸಿದು ಕೂತರು.

“ಅಭ್ಯಾಸ” ಎಂದರು ಕಡೆಗೆ. “ಸಣ್ಣದರಿಂದ ನೋಡಿ ನೋಡಿ... ಕೈ ತನ್ನಷ್ಟಕ್ಕೇ ಮಾಡ್ತದೆ. ಮನಸ್ಸಿನಲ್ಲಿ ಎಂತದೂ ಇಲ್ಲ ಮೇಡಂ, ದೇವರಾಣೆ.”

ಅವಮಾನದಿಂದ ನನ್ನ ಕಿವಿ ಬಿಸಿಯಾಗಿತ್ತು. ನನ್ನ ಎಂಜಲು ತಾಗದ ಗಿಂಡಿಗೆ ಮೂರು ಸಲ ನೀರು. ಆದರೂ ಆ ಮನುಷ್ಯನ ಮುಖ ನೋಡಿ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧವನ್ನು ಕೆಲಸಕ್ಕೆ ಇಟ್ಟುಕೊಂಡೆ.

“ಬೇಜಾರು ಆಮೇಲೆ ಮಾಡುವ. ಈಗ ಯೋಚನೆ ಮಾಡಿ. ಅಮ್ಮನ ಕೈ ನಿಮ್ಮ ಕೈಗಿಂತ ಗಟ್ಟಿ ಅಭ್ಯಾಸದ್ದು ಅಲ್ವಾ? ಆ ದಿನ ಈ ಗಿಂಡಿಯಲ್ಲಿ ಉನೈಸ್ ಕುಡಿದಿದ್ರೆ ಅದು ಬೆಂಚಿನ ಮೇಲೆ ಇರ್ತಿತ್ತಾ? ಆ ಕಲ್ಲಿನ ಮೇಲೆ ಕವುಚಿ ಇರ್ತಿತ್ತಾ?”

ಅವರು ಬೆಂಚನ್ನು ನೋಡಿದರು. ಅಂಗಳದ ಕಲ್ಲನ್ನು ನೋಡಿದರು. ಮುಖದ ಬಣ್ಣ ಇಳಿಯುತ್ತ ಹೋಯಿತು.

“ಹಾಗಾದ್ರೆ ಇಲ್ಲಿ ಕೂತವರು...”

“ನಿಮ್ಮವರು.”

“ಅಮ್ಮನ ಎದುರು ಕೂತು, ಬೆಲ್ಲ ತಿಂದು, ನೀರು ಕುಡಿದು...” ತಮ್ಮ ಮನೆಯ ಒಳಬಾಗಿಲನ್ನೇ ಹೆದರಿದವರ ಹಾಗೆ ತಿರುಗಿ ನೋಡಿದರು. “ಉನೈಸ್ ಅಲ್ಲದಿದ್ರೆ ಆ ಬ್ಯಾಗಿಗೆ ಬಳೆ ಹಾಕಿದ್ದು ನಮ್ಮ ಪೈಕಿಯವರಾ?”

“ನಾಳೆ ಕೋರ್ಟಿನಲ್ಲಿ ಇಷ್ಟು ಹೇಳಿದ್ರೆ ಸಾಕು. ಉನೈಸ್‌ಗೆ ಕೊಡುವುದು ಪೇಪರ್ ಲೋಟದಲ್ಲಿ ಅಂತ.”

ಗಿಂಡಿ ತೊಳೆದ ತಮ್ಮ ಕೈ ನೋಡಿಕೊಂಡರು. “ಯೋಚನೆ ಮಾಡ್ತೇನೆ” ಎಂದರು.

“ಇನ್ನೊಂದು ಮಾಸ್ಟ್ರೇ. ನಿನ್ನೆ ಫೋನಿನಲ್ಲಿ ನಾನು ಗಿಂಡಿಯ ಮಾತೇ ಎತ್ತಲಿಲ್ಲ. ನಾನು ಅದಕ್ಕೇ ಬರುವುದು ಅಂತ ನಿಮಗೆ ಹೇಳಿದ್ದು ಯಾರು?”

ಅವರು ಎದ್ದು ಬಾಗಿಲಿಗೆ ಕೈ ಹಾಕಿದರು. “ಅದನ್ನು ಕೇಳಬೇಡಿ. ನಮ್ಮ ಒಳ್ಳೆಯದಕ್ಕೇ ಹೇಳಿದ್ದು ಅವರು.” ಒಳಗಿನಿಂದ ಚಿಲಕ ಬಿತ್ತು.

*

ಮುಖ್ಯರಸ್ತೆಯ ಬಸ್ ತಂಗುದಾಣದಲ್ಲಿ ನಾನೊಬ್ಬಳೇ. ಬೆಳ್ತಂಗಡಿ ಕಡೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

ಗಿಂಡಿಯ ವಿಷಯ ಯಾರಿಗೆ ಗೊತ್ತು? ಉನೈಸ್‌ಗೆ. ಅವನು ಜೈಲಿನಲ್ಲಿ. ಪೇದೆಗೆ ಕ್ರಿಕೆಟ್ ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. ಸಜ್ನಾ ದೂರದ ಮೆಟ್ಟಿಲಿನಲ್ಲಿ ಇದ್ದಳು. ನನಗೆ ಗೊತ್ತು. ಮತ್ತೆ...

ಆ ಯೋಚನೆಯನ್ನು ಅಲ್ಲಿಗೇ ತುಂಡು ಮಾಡಿದೆ. ನಾಚಿಕೆಯಾಗಬೇಕು ನಿನಗೆ ಎಂದು ನನ್ನನ್ನೇ ಬೈದುಕೊಂಡೆ. ಅದನ್ನು ಮರೆಯಲು ಗೋಡೆಯ ಬಿರುಕನ್ನು ನೆನಪು ಮಾಡಿಕೊಂಡೆ. ರಿಪೇರಿ ಮಾಡದ ಗೋಡೆಯಲ್ಲಿ ಬಿರುಕು ಎಲ್ಲಿಗೆ ಹೋಯಿತು?

ಮೊಬೈಲ್ ತೆಗೆದು ಬಣ್ಣದ ಫೋಟೋ ತೆರೆದೆ. ಎರಡು ಬೆರಳಲ್ಲಿ ಹಿಗ್ಗಿಸಿದೆ. ಜೆರಾಕ್ಸಿನಲ್ಲಿ ಕಪ್ಪು ಗೆರೆಯಾಗಿ ಕಂಡದ್ದು ಗೆರೆಯಾಗಿರಲಿಲ್ಲ. ಚುಕ್ಕೆ ಚುಕ್ಕೆ ಚುಕ್ಕೆ. ನೆಲದಿಂದ ಗೋಡೆ ಹತ್ತಿ, ಕಿಟಕಿಯ ಕಟ್ಟೆಯವರೆಗೆ.

ಇರುವೆಗಳ ಸಾಲು.

ಕಟ್ಟೆಯ ಮೂಲೆಯಲ್ಲಿ, ಇರುವೆಗಳ ನಡುವೆ, ನೀಟಾಗಿ ಎರಡು ಮಾಡಿ ಇಟ್ಟ ಬೆಲ್ಲದ ಅರ್ಧ ತುಂಡು.

ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ. ಬೆಲ್ಲವನ್ನು ಅರ್ಧ ಮಾಡುವವರು ಊರಿನಲ್ಲಿ ಬೇರೆ ಯಾರೂ ಇಲ್ಲವೇ? ಇರುವೆಗೆ ಇಡುವವರು ಇಲ್ಲವೇ? ಇರಬಹುದು, ಹತ್ತು ಜನ ಇರಬಹುದು. ಆ ದಿನ ಅವರು ಮೂಡುಬಿದಿರೆಯಲ್ಲಿದ್ದರು, ಕಚೇರಿಯ ಡೈರಿಯಲ್ಲಿ ಆ ಕೇಸಿನ ನಂಬರನ್ನು ಬರೆದವಳು ನಾನೇ.

ಕೋರ್ಟಿನ ಆ್ಯಪಿನಲ್ಲಿ ಆ ನಂಬರು ಹಾಕಿದೆ. ಎರಡು ಸಲ ತಪ್ಪಾಯಿತು. ಸಿಗ್ನಲ್ ಬಂದು ಹೋಗಿ, ಬಂದು ಹೋಗಿ, ಕಡೆಗೆ ಪುಟ ತೆರೆಯಿತು. ಕಳೆದ ವಾರದ ಸೋಮವಾರದ ನಡವಳಿ ಒಂದೇ ಸಾಲು: ಕೇಸು ಕೂಗಲಾಯಿತು, ಪ್ರತಿವಾದಿಯ ವಕೀಲರು ಗೈರು.

ಪ್ರತಿವಾದಿಯ ವಕೀಲರು ಎಂದರೆ ಸರ್.

ಅಳು ಬಂತು. ಉನೈಸನಿಗಾಗಿ ಅಲ್ಲ, ಬೇರೆ ಲೋಟ ಇಡದ ಆ ಊಟದ ಮೇಜಿಗಾಗಿ. ಕಣ್ಣೊರೆಸಿಕೊಳ್ಳುವ ಮೊದಲೇ ಕೈಯಲ್ಲಿದ್ದ ಮೊಬೈಲ್ ರಿಂಗಾಯಿತು. ತೆರೆಯ ಮೇಲೆ ಅದೇ ಹೆಸರು ಇತ್ತು.

“ಬಾನು, ಎಲ್ಲಿದ್ದೀ?”

“ಮುಂಡಾಜೆಯಲ್ಲಿ ಸರ್.” ಸುಳ್ಳು ಹೇಳಬಹುದಿತ್ತು. ಅವರು ಕೇಳಿದರೆ ನಿಜ ಹೇಳಿಯೇ ನನ್ನ ಬಾಯಿಗೆ ಅಭ್ಯಾಸ.

“ಹೋಗಬೇಡ ಅಂದಿದ್ದೆ ನಾನು.” ಸಿಟ್ಟಿಲ್ಲ. ದಣಿದ, ಪ್ರೀತಿಯ ಸ್ವರ. “ಇರಲಿ. ನಾಳೆ ವಾದ ನಾನೇ ಮಾಡ್ತೇನೆ. ಫೈಲು ಎಲ್ಲ ತಂದು ಟೇಬಲ್ ಮೇಲಿಡು. ಆ ಫೋಟೋ ಬೇರೆ ಯಾವುದಾದ್ರೂ ಪ್ರತಿ ಉಂಟಾ ನಿನ್ನ ಹತ್ತಿರ?”

ಅತ್ತ ಕಡೆಯಿಂದ ಮೆಷಿನ್ ಒಂದು ಬೀಪ್ ಬೀಪ್ ಎನ್ನುವುದು ಕೇಳಿಸುತ್ತಿತ್ತು.

“ನೀವು ಎಲ್ಲಿದ್ದೀರಿ ಸರ್?”

“ಆಸ್ಪತ್ರೆಯಲ್ಲಿ. ಪರಮೇಶ್ವರಿಯಕ್ಕ ನನಗೆ ಸೋದರತ್ತೆಯ ಮಗಳಾಗಬೇಕು. ಅವರ ಜಾಗದ ಪತ್ರ ಎಲ್ಲ ನೋಡಿಕೊಂಡವನು ನಾನೇ. ನಿನಗೆ ಹೇಳಿರಲಿಲ್ಲ, ಅಲ್ವಾ?”

“ಶ್ರೀಲಕ್ಷ್ಮಿಯವರು ಎಲ್ಲಿ?”

“ಪಾಪ, ಬೆಳಿಗ್ಗೆಯಿಂದ ಎಂತದೂ ತಿಂದಿರಲಿಲ್ಲ. ಊಟ ಮಾಡಿ ಬಾ, ನಾನಿದ್ದೇನೆ ಅಂತ ಕಳಿಸಿದೆ. ಈಗ ರೂಮಿನಲ್ಲಿ ನಾವಿಬ್ಬರೇ.”

ರಸ್ತೆಯಲ್ಲಿ ಒಂದು ಲಾರಿ ಧೂಳೆಬ್ಬಿಸಿ ಹೋಯಿತು. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ನಾನಾಗಲೇ ಗಣೇಶಪ್ರಸಾದರ ಮನೆಯ ದಾರಿಗೆ ಓಡತೊಡಗಿದ್ದೆ. ಶ್ರೀಲಕ್ಷ್ಮಿಯವರ ನಂಬರು ಅವರ ಹತ್ತಿರ ಮಾತ್ರ ಇತ್ತು. ಹತ್ತು ನಿಮಿಷದ ದಾರಿ. ಅಲ್ಲಿ ಒಳಗಿನಿಂದ ಚಿಲಕ.

“ಕಣ್ಣು ಬಿಟ್ಟಿದ್ದಾರೆ ಮಾರಾಯ್ತಿ, ಈಗ ಐದು ನಿಮಿಷ ಆಯ್ತು. ನನ್ನನ್ನೇ ನೋಡಿ ಎಂತದೋ ಹೇಳ್ಲಿಕ್ಕೆ ನೋಡ್ತಾರೆ. ಬಾಯಿ ಎಲ್ಲ ಒಣಗಿದೆ. ನೀರು ಕೇಳ್ತಾರೆ ಅಂತ ಕಾಣ್ತದೆ.”

“ಕೊಡಬೇಡಿ! ಸರ್, ಕೊಡಬೇಡಿ!”

“ಬಾಯಾರಿದವರಿಗೆ ಇಲ್ಲ ಅನ್ನುವುದು ಹೇಗೆ ಬಾನು?”

ಫೋನನ್ನು ಎಲ್ಲೋ ಕೆಳಗಿಟ್ಟ ಸದ್ದಾಯಿತು. ಆಮೇಲೆ, ಲೋಟಕ್ಕೆ ನೀರು ಬೀಳುವ ಸದ್ದು.